ಬೋನ್ ಮ್ಯಾರೋ ಕಸಿ: ಬೆಂಗಳೂರಿನಲ್ಲಿ ಡಾಕ್ಟರು ಇದ್ದಾರೆ, ದಾನಿ?

"ತುರ್ತಾಗಿ ಬೇಕಾಗಿದೆ: ಓ ಪಾಸಿಟಿವ್ ಬೋನ್ ಮ್ಯಾರೋ ದಾನಿ. ದಯವಿಟ್ಟು ಶೇರ್ ಮಾಡಿ." ಇಂಥ ಸಂದೇಶ ಅಪಾರ್ಟ್‌ಮೆಂಟ್ ಗ್ರೂಪಿಗೋ ಆಫೀಸ್ ಗ್ರೂಪಿಗೋ ಆಗಾಗ ಬಂದು ಬೀಳುತ್ತದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಮೊದಲ ಸಾಲೇ ತಪ್ಪು. ಮೂಳೆಮಜ್ಜೆಯ ಕಸಿಗೆ ರಕ್ತದ ಗುಂಪು ಹೊಂದಲೇಬೇಕು ಅಂತೇನಿಲ್ಲ. ಓ ಪಾಸಿಟಿವ್ ರೋಗಿಗೆ ಬಿ ಪಾಸಿಟಿವ್ ದಾನಿಯ ಮಜ್ಜೆ ಹಾಕಬಹುದು. ಕಸಿ ಹಿಡಿದ ಮೇಲೆ ಕೆಲವು ತಿಂಗಳಲ್ಲಿ ರೋಗಿಯ ರಕ್ತವೇ ಬಿ ಪಾಸಿಟಿವ್ ಆಗಿಬಿಡುತ್ತದೆ. ಹೊಂದಬೇಕಾದದ್ದು ಬೇರೆಯೇ ಇದೆ. ಅದನ್ನು ವಾಟ್ಸ್‌ಆ್ಯಪ್ ಫಾರ್ವರ್ಡಿನಿಂದ ಹುಡುಕಲು ಆಗುವುದಿಲ್ಲ.

ನಮ್ಮ ದೇಶದಲ್ಲಿ ಮೊದಲ ಕಸಿ ಆದದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಆಮೇಲೆ ಬಹಳ ಕಾಲ ಕರ್ನಾಟಕದವರಿಗೆ ಗೊತ್ತಿದ್ದ ದಾರಿ ಎಂದರೆ ವೆಲ್ಲೂರಿನ ಸಿಎಂಸಿ. ಈಗ ಹಾಗಿಲ್ಲ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಮಾಡುತ್ತಾರೆ, ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಸಂಕಲ್ಪ್ ಸಂಸ್ಥೆಯ ಜೊತೆಗೂಡಿ ಥಲಸ್ಸೇಮಿಯಾ ಎಂಬ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಮಾಡುತ್ತಾರೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಸರ್ಕಾರಿ ಕಿದ್ವಾಯಿಯಲ್ಲೂ ಘಟಕ ಇದೆ. ಹಾಗಾಗಿ "ಯಾವ ಆಸ್ಪತ್ರೆ, ಯಾವ ಡಾಕ್ಟರು" ಎಂಬ ಪ್ರಶ್ನೆಗೆ ಈ ಊರಿನಲ್ಲಿ ಹೇಗೋ ಉತ್ತರ ಸಿಗುತ್ತದೆ. ಆದರೆ ಕಸಿಯ ಸೋಲು ಗೆಲುವು ಬಹಳ ಮಟ್ಟಿಗೆ ಇನ್ನೆರಡು ಕಡೆ ತೀರ್ಮಾನ ಆಗುತ್ತದೆ. ದಾನಿ ಯಾರು? ಡಿಸ್ಚಾರ್ಜ್ ಆದ ಮೇಲೆ ರೋಗಿ ಎಲ್ಲಿ, ಹೇಗೆ ಇರುತ್ತಾರೆ? ಈ ಎರಡರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಮೊದಲು ಕಸಿ ಎಂದರೇನು ನೋಡೋಣ. ಮೂಳೆಯೊಳಗಿನ ಮೆತ್ತನೆಯ ಮಜ್ಜೆಯಲ್ಲಿ ಸ್ಟೆಮ್ ಸೆಲ್‌ಗಳು ಇರುತ್ತವೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಹುಟ್ಟುವುದು ಅವುಗಳಿಂದಲೇ. ಅಲ್ಲೇ ಕೆಟ್ಟರೆ ಕಾಯಿಲೆ ನಾನಾ ರೂಪದಲ್ಲಿ ಬರುತ್ತದೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣಗಳು ಹದ್ದು ಮೀರುತ್ತವೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಮಜ್ಜೆ ಬರಿದಾಗುತ್ತದೆ. ಥಲಸ್ಸೇಮಿಯಾ, ಸಿಕಲ್ ಸೆಲ್ ಇದ್ದವರಲ್ಲಿ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ಸರಿಯಿರುವುದಿಲ್ಲ.

ಕಸಿ ಎಂದ ಕೂಡಲೇ ಆಪರೇಷನ್ ಥಿಯೇಟರ್ ಕಣ್ಣಮುಂದೆ ಬರುತ್ತದೆ. ರೋಗಿಗೆ ಇಲ್ಲಿ ಆಪರೇಷನ್ನೇ ಇಲ್ಲ. ಮೊದಲು ಜೋರಾದ ಕೀಮೋ ಕೊಟ್ಟು, ಕೆಲವರಿಗೆ ರೇಡಿಯೇಷನ್ನೂ ಕೊಟ್ಟು, ಹಳೆಯ ಮಜ್ಜೆಯನ್ನು ಅಳಿಸುತ್ತಾರೆ. ಆಮೇಲೆ ಹೊಸ ಸ್ಟೆಮ್ ಸೆಲ್ ತುಂಬಿದ ಚೀಲವನ್ನು ರಕ್ತ ಏರಿಸಿದ ಹಾಗೆಯೇ ಡ್ರಿಪ್ಪಿನಲ್ಲಿ ಬಿಡುತ್ತಾರೆ. ಮೂಳೆಗೆ ಯಾರೂ ಸೂಜಿ ಚುಚ್ಚಿ ಒಳಗೆ ತುಂಬುವುದಿಲ್ಲ. ಸಂಜೆ ಬಿಟ್ಟ ದನ ತಾನೇ ಕೊಟ್ಟಿಗೆ ಸೇರುವ ಹಾಗೆ ಆ ಕೋಶಗಳು ರಕ್ತದಲ್ಲಿ ಹರಿದು ಮೂಳೆಯೊಳಗಿನ ಜಾಗ ಸೇರುತ್ತವೆ. ಈ ಚಿಕಿತ್ಸೆಯನ್ನು ಮನುಷ್ಯರಲ್ಲಿ ಮಾಡಬಹುದು ಎಂದು ತೋರಿಸಿದ ಅಮೆರಿಕದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಇದರಲ್ಲಿ ಎರಡು ಬಗೆ ಇದೆ, ಅವನ್ನು ಬೆರೆಸಿಕೊಂಡರೆ ಗೊಂದಲ. ಮೈಲೋಮಾ, ಕೆಲವು ಲಿಂಫೋಮಾಗಳಂಥ ರಕ್ತದ ಕ್ಯಾನ್ಸರುಗಳಲ್ಲಿ ರೋಗಿಯ ಕೋಶವನ್ನೇ ತೆಗೆದಿಟ್ಟು, ಜೋರು ಕೀಮೋ ಕೊಟ್ಟು, ಮತ್ತೆ ಅವರಿಗೇ ವಾಪಸ್ ಕೊಡುತ್ತಾರೆ. ಇದು ಆಟೋಲೋಗಸ್. ಆಸ್ಪತ್ರೆಯವರು "ಆಟೋ" ಅಂತಲೇ ಅನ್ನುತ್ತಾರೆ. ದಾನಿಯ ಚಿಂತೆ ಇಲ್ಲ, ಅಪಾಯವೂ ಕಡಿಮೆ. ಮೈಲೋಮಾಗೆ ತೆಗೆದ ಕೋಶವನ್ನು ಫ್ರೀಜ್ ಮಾಡದೆ ಬರೀ ಫ್ರಿಜ್‌ನ 4 ಡಿಗ್ರಿಯಲ್ಲಿ ಎರಡು ದಿನ ಇಟ್ಟು ಬಳಸುವ ಪದ್ಧತಿ ನಮ್ಮ ದೇಶದಲ್ಲಿ ಹಲವು ಕಡೆ ಇದೆ. ಖರ್ಚು ಅಷ್ಟು ಉಳಿಯುತ್ತದೆ. ಇನ್ನೊಂದು ಬಗೆ ಅಲೋಜೆನಿಕ್, ಅಂದರೆ ಬೇರೆಯವರ ಕೋಶ. ತಲೆನೋವೆಲ್ಲ ಇಲ್ಲಿರುವುದು.

ಬೇರೆಯವರ ಕೋಶ ಬರಬೇಕಾದರೆ ಎಚ್‌ಎಲ್‌ಎ ಹೊಂದಬೇಕು. ನಮ್ಮ ಕೋಶಗಳ ಮೇಲಿರುವ ಗುರುತುಗಳು ಇವು. ಯಾವುದು ತನ್ನದು, ಯಾವುದು ಹೊರಗಿನದು ಎಂದು ದೇಹ ತಿಳಿಯುವುದು ಇವುಗಳಿಂದ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತವೆ. ಹಾಗಾಗಿ ಒಡಹುಟ್ಟಿದ ಇಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬ ಅಣ್ಣನೋ ತಂಗಿಯೋ ಇದ್ದರೆ ಶೇ 25. ಇಬ್ಬರಿದ್ದರೆ ಸುಮಾರು ಶೇ 44, ಮೂವರಿದ್ದರೆ ಶೇ 58. ಈ ಲೆಕ್ಕವನ್ನು ನಮ್ಮ ಮನೆಗಳ ಮೇಲೆ ಇಟ್ಟು ನೋಡಿ. ಅಜ್ಜಿಯ ಕಾಲದಲ್ಲಿ ಆರೇಳು ಜನ ಒಡಹುಟ್ಟಿದವರು ಇದ್ದ ಮನೆಯಲ್ಲಿ ಈಗ ಒಂದು ಮಗು, ಬಹಳ ಅಂದರೆ ಎರಡು. ಮನೆಯೊಳಗೆ ದಾನಿ ಸಿಗುವ ದಾರಿ ತಾನಾಗಿ ಮುಚ್ಚುತ್ತಾ ಬಂದಿದೆ.

ಕರ್ನಾಟಕದಲ್ಲಿ ಇನ್ನೊಂದು ವಿಚಾರವೂ ಇದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಹಳೆಯ ರೂಢಿ. ಥಲಸ್ಸೇಮಿಯಾದಂಥ ಕಾಯಿಲೆ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವ ಕಾಯಿಲೆಗಳು ಇಂಥ ಮನೆಗಳಲ್ಲಿ ಜಾಸ್ತಿ. ಅದೇ ಹೊತ್ತಿಗೆ ಈ ಮನೆಗಳಲ್ಲಿ ಅಪ್ಪನದೋ ಅಮ್ಮನದೋ ದೊಡ್ಡಪ್ಪನ ಮಗಳದೋ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆಯೂ ಜಾಸ್ತಿ. ಆದ್ದರಿಂದ ಸಂಬಂಧದಲ್ಲೇ ಮದುವೆಯಾದ ಮನೆಯಲ್ಲಿ ಒಡಹುಟ್ಟಿದವರದು ಹೊಂದದಿದ್ದರೂ ಅಲ್ಲಿಗೆ ಕೈಬಿಡಬಾರದು. ನಾಚಿಕೆ ಬಿಟ್ಟು "ನಮ್ಮದು ಸೋದರ ಸಂಬಂಧ" ಎಂದು ಡಾಕ್ಟರಿಗೆ ಹೇಳಬೇಕು. ಕೇಳಿದರೆ ಹೇಳೋಣ ಅಂತ ಸುಮ್ನೆ ಕೂರುವವರೇ ಹೆಚ್ಚು.

ಮನೆಯೊಳಗೆ ಸಿಗದಿದ್ದರೆ ರಿಜಿಸ್ಟ್ರಿ, ಅಂದರೆ ಕೊಡಲು ಒಪ್ಪಿ ಹೆಸರು ಬರೆಸಿದ ದಾನಿಗಳ ಪಟ್ಟಿ. ಜಗತ್ತಿನ ರಿಜಿಸ್ಟ್ರಿಗಳಲ್ಲಿ ಒಟ್ಟು 4 ಕೋಟಿಗೂ ಜಾಸ್ತಿ ದಾನಿಗಳ ಹೆಸರಿದೆ. ಅದರಲ್ಲಿ ಭಾರತದವರು ಕೆಲವು ಲಕ್ಷ ಮಾತ್ರ. ಎಚ್‌ಎಲ್‌ಎ ಜನಾಂಗದ ಜೊತೆ ಬರುವಂಥದ್ದು. ಜರ್ಮನಿಯವರ ದೊಡ್ಡ ಪಟ್ಟಿ ಜರ್ಮನಿಯವರಿಗೆ ಜಾಸ್ತಿ ಉಪಯೋಗ. ನಮ್ಮಲ್ಲಿ ಜಾತಿಯೊಳಗೇ ತಲೆತಲಾಂತರದಿಂದ ಮದುವೆ ನಡೆದಿರುವುದರಿಂದ ಒಂದೊಂದು ಸಮುದಾಯದ ಎಚ್‌ಎಲ್‌ಎ ಮಾದರಿ ಒಂದೊಂದು ಥರ. ಅಂದರೆ ಪಟ್ಟಿಯಲ್ಲಿ ಬರೀ ಐಟಿ ಕಂಪನಿಯವರ ಹೆಸರಿದ್ದರೆ ಸಾಲದು. ರಾಯಚೂರಿನವರು, ಚಾಮರಾಜನಗರದವರು, ಭಟ್ಕಳದವರು, ಎಲ್ಲರ ಹೆಸರೂ ಬೇಕು. ಈ ಕೊರತೆ ಬೆಂಗಳೂರಿನ ಕ್ಯಾಂಪುಗಳಿಂದ ಮಾತ್ರ ತುಂಬುವುದಿಲ್ಲ.

ಹಾಗಂತ ಬೆಂಗಳೂರಿನ ಪಾಲು ಸಣ್ಣದೇನಲ್ಲ. 1984ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಇಲ್ಲಿ ರಕ್ತನಿಧಿ ನಡೆಸಿಕೊಂಡು ಬಂದಿದೆ. ಅದು ಜರ್ಮನಿಯಲ್ಲಿ ಇಂಥದೇ ದಾನಿಗಳ ಪಟ್ಟಿ ನಡೆಸುವ ಡಿಕೆಎಂಎಸ್ ಸಂಸ್ಥೆಯ ಜೊತೆ ಸೇರಿ ಕಟ್ಟಿದ ದಾನಿಗಳ ರಿಜಿಸ್ಟ್ರಿ ಕೆಲಸ ಮಾಡುವುದು ಬೆಂಗಳೂರಿನಿಂದಲೇ. ಚೆನ್ನೈನ ದಾತ್ರಿ ಎಂಬ ರಿಜಿಸ್ಟ್ರಿ 2009ರಿಂದ ಇದೆ. ಹೆಸರು ಬರೆಸುವುದು ಬಹಳ ಸುಲಭ. 18 ತುಂಬಿರಬೇಕು, ಮೇಲಿನ ಮಿತಿ 50ರಿಂದ 55ರ ಆಸುಪಾಸು. ಕೆನ್ನೆಯ ಒಳಭಾಗವನ್ನು ಹತ್ತಿ ಕಡ್ಡಿಯಿಂದ ಉಜ್ಜಿ ಕೊಟ್ಟರೆ ಆಯಿತು. ಸೂಜಿ ಇಲ್ಲ, ದಾನಿಗೆ ಖರ್ಚೂ ಇಲ್ಲ.

ಅಷ್ಟು ಸುಲಭ ಆಗಿರುವುದೇ ಒಂದು ತೊಂದರೆ ಅಂತ ನನಗೆ ಅನ್ನಿಸುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಫೀಸಿನ ಕ್ಯಾಂಪಿಗೆ ಹೋಗಿ, ಕಡ್ಡಿ ಉಜ್ಜಿ, ಸೆಲ್ಫಿ ಹಾಕಿ ಮರೆತುಬಿಡುತ್ತಾರೆ. ವರ್ಷಗಳ ಮೇಲೆ ಒಂದು ದಿನ ಫೋನ್ ಬರುತ್ತದೆ: "ನಿಮ್ಮದು ಒಬ್ಬ ರೋಗಿಗೆ ಹೊಂದಿದೆ." ನಂಬರ್ ಬದಲಾಗಿರುತ್ತದೆ. ಅಥವಾ ಮದುವೆಯಾಗಿರುತ್ತದೆ, ಅತ್ತೆ ಮಾವ ಒಪ್ಪುವುದಿಲ್ಲ. "ಬೆನ್ನಿನಿಂದ ತೆಗೀತಾರಂತೆ, ನಾಳೆ ಕಾಲು ಬೀಳುತ್ತೆ" ಅಂತ ಅಮ್ಮ ಅಳುತ್ತಾರೆ. ದಾನಿ ಹಿಂದೆ ಸರಿಯುತ್ತಾರೆ. ಹಿಂದೆ ಸರಿಯುವ ಹಕ್ಕು ದಾನಿಗೆ ಕೊನೆಯವರೆಗೂ ಇರುತ್ತದೆ, ಅದು ಇರಲೂ ಬೇಕು. ಆದರೆ ಸಮಯದ ಮೇಲೆ ಎಲ್ಲವೂ ನಿಂತಿದೆ. ರೋಗಿಗೆ ಕೀಮೋ ಶುರುವಾಗಿ ಮಜ್ಜೆ ಅಳಿದ ಮೇಲೆ ದಾನಿ ಬರುವುದಿಲ್ಲ ಎಂದರೆ ರೋಗಿಯ ಜೀವಕ್ಕೇ ಸಂಚಕಾರ. ಆ ಭಯಕ್ಕೇ ಕೆಲವು ಸಲ ಕೋಶವನ್ನು ಮೊದಲೇ ಸಂಗ್ರಹಿಸಿ ಫ್ರೀಜ್ ಮಾಡಿಟ್ಟುಕೊಂಡು ಆಮೇಲೆ ಕೀಮೋ ಶುರು ಮಾಡುತ್ತಾರೆ. ಮನೆಯವರನ್ನು ಒಪ್ಪಿಸಲು ಆಗುವುದಿಲ್ಲ ಅನ್ನುವವರು ಹೆಸರು ಬರೆಸದಿರುವುದೇ ಮೇಲು. ಈಗಾಗಲೇ ಬರೆಸಿದ್ದು ಮನಸ್ಸು ಬದಲಾಗಿದ್ದರೆ ಇವತ್ತೇ ಫೋನ್ ಮಾಡಿ ತೆಗೆಸಬಹುದು. ಹೊಂದಿಕೆ ಸಿಕ್ಕಿ ಒಂದು ಮನೆ ಆಸೆ ಇಟ್ಟುಕೊಂಡ ಮೇಲೆ ಇಲ್ಲ ಅನ್ನುವುದಕ್ಕಿಂತ ಅದು ಎಷ್ಟೋ ವಾಸಿ.

ಬೆನ್ನಿನ ಭಯದ ಬಗ್ಗೆ ನೇರವಾಗಿ ಹೇಳಿಬಿಡೋಣ. ಬೆನ್ನುಹುರಿಗೂ ಇದಕ್ಕೂ ಸಂಬಂಧವೇ ಇಲ್ಲ. ಈಗ ಬಹುಪಾಲು ದಾನ ತೋಳಿನ ರಕ್ತನಾಳದಿಂದಲೇ ನಡೆಯುತ್ತದೆ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಸ್ಟೆಮ್ ಸೆಲ್‌ಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಮೆಷಿನ್ನಿಗೆ ಹಾಕಿ ನಾಲ್ಕರಿಂದ ಆರು ಗಂಟೆ ಕೂರಿಸುತ್ತಾರೆ. ಒಂದು ಕೈಯಿಂದ ರಕ್ತ ಹೋಗಿ, ಬೇಕಾದ ಕೋಶ ಮಾತ್ರ ಉಳಿದು, ಮಿಕ್ಕಿದ್ದು ಇನ್ನೊಂದು ಕೈಗೆ ವಾಪಸ್. ಎಸ್‌ಡಿಪಿ, ಅಂದರೆ ಒಬ್ಬರೇ ದಾನಿಯಿಂದ ಮೆಷಿನ್ನಿನಲ್ಲಿ ತೆಗೆಯುವ ಪ್ಲೇಟ್‌ಲೆಟ್, ಕೊಟ್ಟವರಿಗೆ ಈ ಮೆಷಿನ್ ಹೊಸದಲ್ಲ. ಇಂಜೆಕ್ಷನ್ ತೆಗೆದುಕೊಳ್ಳುವ ದಿನಗಳಲ್ಲಿ ಮೈಕೈ ನೋವು, ತಲೆನೋವು ಬರುತ್ತದೆ. ಆಮೇಲೆ ಹೋಗುತ್ತದೆ. ಕೆಲವು ಸಲ, ಅದರಲ್ಲೂ ಮಕ್ಕಳಿಗೆ, ಮಜ್ಜೆಯನ್ನೇ ಬೇಕು ಅನ್ನುತ್ತಾರೆ. ಆಗ ದಾನಿಗೆ ಅನಸ್ತೇಶಿಯಾ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ಸೂಜಿಯಲ್ಲಿ ತೆಗೆಯುತ್ತಾರೆ. ಕೆಲವು ದಿನ ಸೊಂಟ ನೋಯುತ್ತದೆ. ಕೊಟ್ಟ ಮಜ್ಜೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ರಿಜಿಸ್ಟ್ರಿಯಲ್ಲೂ ಸಿಗದಿದ್ದರೆ? ಮೊದಲಾದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈಗ ಹಾಫ್ ಮ್ಯಾಚ್ ಇದೆ, ಹ್ಯಾಪ್ಲೋ ಅನ್ನುತ್ತಾರೆ. ಅಪ್ಪ, ಅಮ್ಮ, ಮಕ್ಕಳು ಯಾವಾಗಲೂ ಕನಿಷ್ಠ ಅರ್ಧ ಹೊಂದುತ್ತಾರೆ. ಕಸಿಯ ನಂತರ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಕೀಮೋ ಔಷಧಿ ಕೊಟ್ಟರೆ ದಾನಿಯ ಕೋಶಗಳಲ್ಲಿ ರೋಗಿಯ ದೇಹದ ಮೇಲೆ ಬೀಳುವ ಜಗಳಗಂಟಿ ಭಾಗ ಅಡಗುತ್ತದೆ ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ತೋರಿಸಿಕೊಟ್ಟರು. ಸಣ್ಣ ಕುಟುಂಬ, ಸಣ್ಣ ರಿಜಿಸ್ಟ್ರಿ ಇರುವ ನಮ್ಮಂಥವರಿಗೆ ಇದು ದೊಡ್ಡ ದಾರಿಯನ್ನೇ ತೆರೆಯಿತು. ಸೋಂಕಿನ ಅಪಾಯ, ಖರ್ಚು ಎರಡೂ ಜಾಸ್ತಿ ಅನ್ನುವುದು ನಿಜ.

ದಾನಿ ಸಿಗುವ ಮೊದಲೇ ಮನೆಯವರು ಪ್ರೀತಿಯಿಂದ ಮಾಡುವ ಒಂದು ಕೆಲಸ ಕೆಲವರಿಗೆ ಮುಳುವಾಗುತ್ತದೆ. ಅಪ್ಲಾಸ್ಟಿಕ್ ಅನೀಮಿಯಾ ಎಂದು ಗೊತ್ತಾದ ಕೂಡಲೇ ಅಣ್ಣ ತಮ್ಮಂದಿರು ಸಾಲು ನಿಂತು "ನಮ್ಮ ರಕ್ತನೇ ಹಾಕಿ" ಅನ್ನುತ್ತಾರೆ. ಕಸಿ ಆಗಬೇಕಾದ ರೋಗಿಗೆ ಹತ್ತಿರದ ನೆಂಟರ ರಕ್ತ ಹಾಕಿಸಬಾರದು. ಆ ರಕ್ತದಲ್ಲಿನ ಗುರುತುಗಳಿಗೆ ರೋಗಿಯ ದೇಹ ಮೊದಲೇ ಹಗೆ ಬೆಳೆಸಿಕೊಂಡರೆ, ನಾಳೆ ಅದೇ ಅಣ್ಣನ ಮಜ್ಜೆಯನ್ನು ತಿರಸ್ಕರಿಸಬಹುದು. ಜಿಲ್ಲಾ ಆಸ್ಪತ್ರೆಯಲ್ಲೇ ಇದನ್ನು ಹೇಳುವವರು ಬೇಕು. ಬೆಂಗಳೂರಿಗೆ ಬರುವ ಹೊತ್ತಿಗೆ ಅಂಥ ರಕ್ತ ಹಲವು ಬಾಟಲಿ ಏರಿರುತ್ತದೆ.

ಥಲಸ್ಸೇಮಿಯಾದಲ್ಲೂ ತಡವೇ ಶತ್ರು. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸುತ್ತಾ ಹೋದ ಹಾಗೆ ಕಬ್ಬಿಣದಂಶ ಲಿವರ್, ಹೃದಯದಲ್ಲಿ ಸೇರುತ್ತದೆ. ಲಿವರ್ ಕೆಡುವ ಮೊದಲು, ಚಿಕ್ಕ ವಯಸ್ಸಿನಲ್ಲೇ, ಒಡಹುಟ್ಟಿದವರ ಮಜ್ಜೆಯಿಂದ ಕಸಿ ಮಾಡಿದರೆ ಹೆಚ್ಚಿನ ಮಕ್ಕಳು ರಕ್ತ ಏರಿಸಿಕೊಳ್ಳುವುದರಿಂದ ಪಾರಾಗುತ್ತಾರೆ. ಮಗು ಹೇಗೋ ಓಡಾಡಿಕೊಂಡಿದೆಯಲ್ಲ, ಆಮೇಲೆ ನೋಡೋಣ ಎಂದು ಹತ್ತು ಹನ್ನೆರಡು ವರ್ಷ ಕಳೆದರೆ ಆ ಅನುಕೂಲ ಕೈತಪ್ಪುತ್ತದೆ.

ಇನ್ನು ಕಸಿಯ ಕೋಣೆ. ಶೋಧಿಸಿದ ಗಾಳಿ, ಒಳಗೆ ಒಬ್ಬರೇ ಜೊತೆಗಾರರು. ಕೋಶ ಕೊಡುವ ದಿನವನ್ನು ಡೇ ಜೀರೋ ಅನ್ನುತ್ತಾರೆ, ಅಲ್ಲಿಂದ ಎಣಿಕೆ ಶುರು. ಬಾಯಿ ಹುಣ್ಣಾಗಿ ನೀರು ನುಂಗಲೂ ಆಗದ ದಿನಗಳು ಬರುತ್ತವೆ. ಬಿಳಿ ಕಣಗಳು ಸೊನ್ನೆಗೆ ಇಳಿಯುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಕೌಂಟ್ ಏಳುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500 ದಾಟಿ ಮೂರು ದಿನ ನಿಂತರೆ ಕಸಿ ಹಿಡಿಯಿತು ಅಂತ ಲೆಕ್ಕ. ಅಲ್ಲಿಯವರೆಗೆ ಪ್ಲೇಟ್‌ಲೆಟ್ ಏರಿಸುತ್ತಲೇ ಇರಬೇಕು, ಅದಕ್ಕೆ ಎಸ್‌ಡಿಪಿ ದಾನಿಗಳು ಬೇಕು. ಇಲ್ಲಿ ಬಳಗ ಇಲ್ಲದ ಕಲಬುರಗಿಯ ಮನೆಯವರು ಬೆಂಗಳೂರಿನಲ್ಲಿ ಯಾರನ್ನು ಕರೆಯಬೇಕು? ರಿಜಿಸ್ಟ್ರಿಗೆ ವಯಸ್ಸು ಮೀರಿದವರು ಮಾಡಬಹುದಾದ ದೊಡ್ಡ ಸಹಾಯ ಇಲ್ಲಿದೆ. ವಾಟ್ಸ್‌ಆ್ಯಪ್ ಗ್ರೂಪು ನಿಜಕ್ಕೂ ಕೆಲಸಕ್ಕೆ ಬರುವುದೂ ಇಲ್ಲೇ.

ಕೌಂಟ್ ಬಂತು, ಡಿಸ್ಚಾರ್ಜ್ ಆಯಿತು, ನೆಂಟರೆಲ್ಲ "ಗೆದ್ದುಬಿಟ್ರಿ" ಅನ್ನುತ್ತಾರೆ. ಡಾಕ್ಟರು ಮಾತ್ರ ಹಾಗೆ ಅನ್ನುವುದಿಲ್ಲ. ಮೊದಲ ನೂರು ದಿನ ಜಿವಿಎಚ್‌ಡಿ ಕಾಯುತ್ತಿರುತ್ತದೆ. ದಾನಿಯ ಕೋಶಗಳು ರೋಗಿಯ ದೇಹವನ್ನೇ ಹೊರಗಿನದೆಂದು ತಿಳಿದು ಚರ್ಮ, ಕರುಳು, ಲಿವರ್ ಮೇಲೆ ಬೀಳುವುದು ಅದು. ತಡೆಯಲು ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್‌ನಂಥ ಮಾತ್ರೆ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುತ್ತಾರೆ. ಹಾಗಿರುವಾಗ "ಇಮ್ಯುನಿಟಿಗೆ ಒಳ್ಳೆಯದು" ಅಂತ ಯಾರೋ ಅಮೃತಬಳ್ಳಿ ಕಷಾಯ ತಂದುಕೊಡುತ್ತಾರೆ! ದೇವನಹಳ್ಳಿಯ ಚಕ್ಕೋತ ಹಣ್ಣೂ ಬೇಡ. ಅದು ರಕ್ತದಲ್ಲಿ ಈ ಔಷಧಿಗಳ ಮಟ್ಟವನ್ನು ಏರಿಸಿಬಿಡಬಹುದು.

ಬೆಂಗಳೂರಿನಲ್ಲಿ ಈ ನೂರು ದಿನ ಕಳೆಯುವುದು ಹೇಗೆ ಎಂಬುದು ದೊಡ್ಡ ಪ್ರಶ್ನೆ. ವಾರಕ್ಕೆ ಒಂದೆರಡು ಸಲ ಆಸ್ಪತ್ರೆಗೆ ಹೋಗಬೇಕು. ಜ್ವರ 100.4 ಮುಟ್ಟಿದರೆ ಬೆಳಗಿನವರೆಗೆ ಕಾಯುವ ಹಾಗಿಲ್ಲ, ರಾತ್ರಿಯೇ ಓಡಬೇಕು. ಹಾಗಾಗಿ ಆಸ್ಪತ್ರೆಯ ಹತ್ತಿರವೇ ಮನೆ ಬೇಕು. ಹಳದಿ ಮೆಟ್ರೋ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂದಿದ್ದರಿಂದ ಔಷಧಿಗೋ ರಿಪೋರ್ಟಿಗೋ ಓಡಾಡುವವರಿಗೆ ಅನುಕೂಲ ಆಯಿತು. ಆದರೆ ರೋಗಿಯನ್ನು ಆ ಜನಜಂಗುಳಿಯಲ್ಲಿ ಕೂರಿಸುವಂತಿಲ್ಲ. ಬಾಡಿಗೆಗೆ ಸಿಗುವ ಕೋಣೆಯ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿರುತ್ತದೆ. ಆ ದೂಳಿನಲ್ಲಿರುವ ಆಸ್ಪರ್‌ಜಿಲಸ್ ಎಂಬ ಶಿಲೀಂಧ್ರ ಇವರ ಶ್ವಾಸಕೋಶಕ್ಕೆ ಯಮನೇ ಸರಿ. ಮನೆಯೊಳಗೆ ಹೂಕುಂಡ ಬೇಡ, ಕುದಿಸದ ಟ್ಯಾಂಕರ್ ನೀರು ಬೇಡ, ಹಸಿ ತರಕಾರಿ ಬೇಡ, ಹೊರಗಿನ ತಿಂಡಿ ಬೇಡ, ದೇವಸ್ಥಾನದ ತೀರ್ಥವೂ ಬೇಡ. ಎಲ್ಲಕ್ಕಿಂತ ಕಷ್ಟ ನೆಂಟರದು. ನೋಡಿಕೊಂಡು ಹೋಗೋಣ ಅಂತ ರಾತ್ರಿ ಬಸ್ಸಿಗೆ ಹತ್ತಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೂ ನಿಲ್ಲಿಸಬೇಕು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಫಲವೂ ಕಸಿಯಲ್ಲಿ ಅಳಿದಿರುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಮತ್ತೆ ಮೊದಲಿನಿಂದ ಹಾಕಿಸಲು ಶುರು ಮಾಡುತ್ತಾರೆ.

ಸ್ಟೆಮ್ ಸೆಲ್ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಗ್ಗೆಯೂ ಎರಡು ಮಾತು. ಹೆರಿಗೆಗೆ ಹೋದಾಗ "ಮಗುವಿನ ಹೊಕ್ಕುಳಬಳ್ಳಿ ರಕ್ತ ಕಾಪಾಡಿಡಿ, ಮುಂದೆ ಕಾಯಿಲೆ ಬಂದರೆ ಬೇಕಾಗುತ್ತೆ" ಎಂದು ಮಾರುವವರು ಇದ್ದಾರೆ. ಮಗುವಿಗೆ ಥಲಸ್ಸೇಮಿಯಾ ಬಂದರೆ ಅದೇ ದೋಷ ಆ ರಕ್ತದಲ್ಲೂ ಇರುತ್ತದೆ. ಇಂಥ ಖಾಸಗಿ ಬ್ಯಾಂಕಿಂಗ್ ಅನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಗಲಿ ಭಾರತೀಯ ಮಕ್ಕಳ ವೈದ್ಯರ ಸಂಘವಾಗಲಿ ಶಿಫಾರಸು ಮಾಡುವುದಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಕೊಡುತ್ತೇವೆ ಅನ್ನುವುದು ವೃತ್ತಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಡೆಯಿಂದ 2022ರಲ್ಲೇ ಹೇಳಿಕೆ ಬಂದಿದೆ. ಮಜ್ಜೆಯ ಕಸಿ ದಶಕಗಳಿಂದ ಪರೀಕ್ಷೆಯಾಗಿ ಗಟ್ಟಿಯಾದ ಚಿಕಿತ್ಸೆ. ಅದರ ಹೆಸರಿನ ನೆರಳಿನಲ್ಲಿ ಇವರು ಅಂಗಡಿ ಇಟ್ಟಿದ್ದಾರೆ, ಅಷ್ಟೇ.

ಕೊನೆಗೆ ದುಡ್ಡು. ಖಾಸಗಿಯಲ್ಲಿ ಆಟೋ ಕಸಿಗೆ ಹತ್ತು ಲಕ್ಷದ ಆಸುಪಾಸು, ಒಡಹುಟ್ಟಿದವರಿಂದಾದರೆ ಹದಿನೈದು ಇಪ್ಪತ್ತು ಲಕ್ಷ, ಹ್ಯಾಪ್ಲೋ ಅಥವಾ ಹೊರಗಿನ ದಾನಿಯಾದರೆ ಅದನ್ನೂ ದಾಟುತ್ತದೆ. ಸೋಂಕು ಬಂದರೆ ಲೆಕ್ಕವೇ ಬೇರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ಸಾಮಾನ್ಯವಾಗಿ ವರ್ಷಕ್ಕೆ 5 ಲಕ್ಷದ ಮಿತಿ. ಥಲಸ್ಸೇಮಿಯಾ ಮಕ್ಕಳಿಗೆ ಕೋಲ್ ಇಂಡಿಯಾ ಕಂಪನಿ 2017ರಲ್ಲಿ ಶುರು ಮಾಡಿದ ಬಾಲ ಸೇವಾ ಯೋಜನೆಯಿಂದ 10 ಲಕ್ಷದವರೆಗೆ ಸಿಗುತ್ತದೆ. ಆದರೆ ಹೊಂದುವ ದಾನಿ ಮನೆಯಲ್ಲೇ ಇರಬೇಕು, ಆದಾಯದ ಮಿತಿಯೂ ಇದೆ. ಸರ್ಕಾರಿ ಯೋಜನೆಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕೇಳಬೇಕು. ದಾಖಲೆ ಕೂಡಿಸಿ ಮಂಜೂರಾತಿ ಬರುವುದಕ್ಕೇ ವಾರಗಳು ಹೋಗುತ್ತವೆ.

ನನ್ನ ತಕರಾರು ಇರುವುದು ಪ್ಯಾಕೇಜಿನ ಬಗ್ಗೆ. ಸರ್ಕಾರದ ನೆರವೂ ಆಸ್ಪತ್ರೆಯ ಪ್ಯಾಕೇಜೂ ಸಾಮಾನ್ಯವಾಗಿ ನೋಡುವುದು ಕೋಣೆಯೊಳಗಿನ ಖರ್ಚನ್ನು. ಆಮೇಲಿನ ಮಾತ್ರೆ, ವಾರವಾರದ ರಕ್ತ ಪರೀಕ್ಷೆ, ಮನೆ ಬಾಡಿಗೆ, ಜೊತೆಗಿರಲು ಕೂಲಿ ಬಿಟ್ಟು ಬಂದ ಅಪ್ಪನ ದುಡಿಮೆ, ಇವು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅದಕ್ಕಾಗಿ ಅಡ್ಮಿಟ್ ಆಗುವ ಮೊದಲೇ ಎಸ್ಟಿಮೇಟ್ ಬರಹದಲ್ಲಿ ಕೇಳಿ. ಎಷ್ಟು ದಿನಕ್ಕೆ ಪ್ಯಾಕೇಜ್, ಮತ್ತೆ ಅಡ್ಮಿಟ್ ಆದರೆ ಯಾರ ಖರ್ಚು, ಪ್ಲೇಟ್‌ಲೆಟ್ ಇದರಲ್ಲಿ ಸೇರಿದೆಯಾ, ನೂರು ದಿನದ ಔಷಧಿಗೆ ಅಂದಾಜು ಎಷ್ಟು, ಧರ್ಮಶಾಲೆಯಲ್ಲಿ ಬೇರೆ ಕೋಣೆ ಸಿಗುತ್ತದಾ ಎಂದು ಕೇಳಿ. ಸಿಗದಿದ್ದರೆ ಕೀಮೋ ಶುರುವಾಗುವ ಮೊದಲೇ ಮನೆ ಹುಡುಕಿ, ಸುಣ್ಣ ಹೊಡೆಸಿ, ವಾಸನೆ ಹೋಗುವವರೆಗೆ ಕಿಟಕಿ ತೆರೆದಿಡಿ.